ನಲವತ್ತು ಪರ್ಸೆಂಟ್ ಅಂದ್ರೆ ಎಷ್ಟು ಬಕೆಟ್ ಸ್ವಾಮಿ?

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳಲ್ಲ, ಬರೀ ಸೋಮಾರಿತನ. ಆದರೆ ಮೊನ್ನೆ ಒಂದು ಬ್ರೋಷರ್ ಕೈಗೆ ಬಂತು ನೋಡಿ, ಅದನ್ನು ಓದಿದ ಮೇಲೆ ನಾಲ್ಕು ಸಾಲು ಬರೆಯದೆ ಇದ್ರೆ ಉಂಡಿದ್ದು ಅರಗಲ್ಲ ಅನ್ನಿಸಿ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಹೊಟ್ಟೆಪಾಡಿಗೆ ನಾನೇನು ಮಾಡ್ತೀನಿ ಅಂತ ಇಲ್ಲಿ ಹೆಚ್ಚು ಬರೆದಿಲ್ಲ. ಬಾತ್‌ರೂಮ್ ಸಾಮಾನುಗಳ ಡ್ರಾಯಿಂಗ್ ಬಿಡಿಸೋದು ನನ್ನ ಕೆಲಸ. ವಾಶ್ ಬೇಸಿನ್ನು, ಸೋಪಿನ ತಟ್ಟೆ, ಫ್ಲಶ್ ಟ್ಯಾಂಕಿನ ಮುಚ್ಚಳ... ಇಂಥವು. ಊರಲ್ಲಿ ಯಾರಾದ್ರೂ ಕೇಳಿದ್ರೆ 'ಡಿಸೈನರ್' ಅಂತೀನಿ. ಅವರು ಬಟ್ಟೆ ಅಂದುಕೊಳ್ತಾರೆ, ನಾನೂ ಸುಮ್ಮನಿರ್ತೀನಿ :-)

ಹೋದ ವರ್ಷ ಒಂದು ಕಂಪನಿಯವರು ಬಂದ್ರು. ಹೆಸರು ಬೇಡ ಬಿಡಿ, ಅವರ ಅನ್ನ ತಿಂದಿದ್ದೇನೆ. ಅವರಿಗೆ ಬೇಕಾಗಿದ್ದು ಫ್ರೀಸ್ಟ್ಯಾಂಡಿಂಗ್ ಬಾತ್‌ಟಬ್. ಅಂದ್ರೆ ಗೋಡೆಗೆ ಆತುಕೊಳ್ಳದೆ, ಟೈಲ್ಸಿನಲ್ಲಿ ಹುದುಗದೆ, ಬಚ್ಚಲಿನ ನಟ್ಟನಡುವೆ ದೇವರ ಮೂರ್ತಿ ಥರ ಒಂಟಿಯಾಗಿ ನಿಂತಿರೋ ತೊಟ್ಟಿ. ನೋಡಕ್ಕೆ ಸ್ಟೈಲಾಗಿರಬೇಕು, ಜೊತೆಗೆ ನೀರೂ ಉಳಿಸಬೇಕು ಅಂದ್ರು. ನನಗೆ ಖುಷಿಯೇ ಆಯ್ತು. ಆರು ತಿಂಗಳು ಕೂತು ಬಿಡಿಸಿದೆ. ಈಗ ಬ್ರೋಷರ್ ಬಂದಿದೆ. ನನ್ನ ಟಬ್ಬಿನ ಫೋಟೋ, ಪಕ್ಕದಲ್ಲಿ ಒಂದು ಹಸಿರು ಎಲೆ, ಕೆಳಗೆ ದಪ್ಪ ಅಕ್ಷರದಲ್ಲಿ "40% ನೀರಿನ ಉಳಿತಾಯ".

ನಲವತ್ತು ಪರ್ಸೆಂಟ್. ಯಾವುದರಲ್ಲಿ ಸ್ವಾಮಿ ನಲವತ್ತು ಪರ್ಸೆಂಟ್? ಯಾರ ಮನೆಯ ನೀರಿನಲ್ಲಿ?

*

ಮೊದಲು ಲೆಕ್ಕ ಹೇಳಿಬಿಡ್ತೀನಿ, ಜಗಳ ಆಮೇಲೆ ಮಾಡೋಣ.

ಅವರ ಹಳೇ ಮಾಡೆಲ್ 1700 ಮಿಲಿಮೀಟರ್ ಉದ್ದದ್ದು. ಹೆಚ್ಚಾದ ನೀರು ಹೊರಗೆ ಹೋಗಲಿಕ್ಕೆ ಮೇಲುಗಡೆ ಒಂದು ತೂತು ಇರುತ್ತಲ್ಲ, ಆ ತೂತಿನ ಮಟ್ಟದವರೆಗೆ ಅದು 250 ಲೀಟರ್ ಹಿಡಿಯುತ್ತೆ. ನಾನು ಬಿಡಿಸಿದ್ದು 1450 ಮಿಲಿಮೀಟರಿನದು, ಅದೇ ಮಟ್ಟಕ್ಕೆ 150 ಲೀಟರ್. 250 ಹೋಗಿ 150 ಆಯ್ತು, ನೂರು ಲೀಟರ್ ಉಳೀತು, 40 ಪರ್ಸೆಂಟ್. ಲೆಕ್ಕ ಸರಿ. ಗಣಿತದಲ್ಲಿ ಮೋಸ ಇಲ್ಲ, ಮೋಸ ಇರೋದು ವ್ಯಾಕರಣದಲ್ಲಿ. 'ಉಳಿತಾಯ' ಅನ್ನೋ ಪದ ನಿಲ್ಲಬೇಕಾದ್ರೆ ಆ ನೀರನ್ನು ಮೊದಲು ಯಾರೋ ಖರ್ಚು ಮಾಡ್ತಾ ಇರಬೇಕು. ಈ ಟಬ್ ಕೊಳ್ಳೋ ನೂರು ಮನೆಯಲ್ಲಿ ಎಷ್ಟು ಮನೆಯವರು ಹಳೇ 250 ಲೀಟರಿನ ಟಬ್ ಕಿತ್ತು ಇದನ್ನು ಹಾಕಿಸ್ತಾರೆ? ಬಹುಪಾಲು ಜನ ಇವತ್ತಿನವರೆಗೆ ಸ್ನಾನ ಮಾಡಿದ್ದು ಬಕೆಟ್ಟಲ್ಲಿ ಇಲ್ಲಾ ಶವರಿನಲ್ಲಿ.

ಬಕೆಟ್ ಅಂದ್ರೆ 20 ಲೀಟರ್. ತಲೆಗೆ ಹಾಕ್ಕೊಂಡ್ರೆ ಎರಡು ಬಕೆಟ್. ನಿಮಿಷಕ್ಕೆ 10 ಲೀಟರ್ ಸುರಿಸೋ ಶವರಿನ ಕೆಳಗೆ ಎಂಟು ನಿಮಿಷ ಹಾಡು ಹೇಳ್ತಾ ನಿಂತ್ರೆ 80 ಲೀಟರ್. ಸಣ್ಣ ಹರಿವಿನ ಶವರ್, ನಿಮಿಷಕ್ಕೆ 6 ಲೀಟರಿಂದು, ಐದು ನಿಮಿಷ ಅಂದ್ರೆ 30.

ಇನ್ನೊಂದು ಅಂಕಿ ಇದೆ. ನಗರದಲ್ಲಿರೋ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ನೀರು ಅಂತ ನಮ್ಮ ದೇಶದಲ್ಲಿ ನೀರು ಸರಬರಾಜಿನ ಯೋಜನೆ ಹಾಕುವವರು ಹಿಡಿಯೋ ಅಳತೆ. ಕುಡಿಯೋದು, ಅಡುಗೆ, ಪಾತ್ರೆ, ಬಟ್ಟೆ, ಕಕ್ಕಸು, ಸ್ನಾನ... ಎಲ್ಲಾ ಸೇರಿ. ನಾನು ಬಿಡಿಸಿದ 'ನೀರು ಉಳಿಸುವ' ಟಬ್ಬನ್ನು ಒಂದು ಸಲ ತೂತಿನ ಮಟ್ಟಕ್ಕೆ ತುಂಬಿಸಿದ್ರೆ ಒಬ್ಬ ಮನುಷ್ಯನ ಇಡೀ ದಿನದ ಪಾಲು ಮುಗಿದು ಹದಿನೈದು ಲೀಟರ್ ಸಾಲ!

*

ಇಲ್ಲಿಗೆ ಕೆಲವರು ಚಪ್ಪಾಳೆ ತಟ್ಟೋಕೆ ಶುರು ಮಾಡಿರ್ತೀರಿ ಅಂತ ಗೊತ್ತು. "ಅದಕ್ಕೇ ನಾವು ಹೇಳೋದು, ಈ ಪರದೇಶಿ ಚಾಳಿ ನಮಗ್ಯಾಕೆ, ನಮ್ಮ ಹಂಡೆ ಚೊಂಬೇ ಸಾಕು" ಅಂತ. ಸ್ವಲ್ಪ ತಡೀರಿ. ನಿಮ್ಮ ಜೊತೆಗೂ ನನಗೆ ಜಗಳ ಇದೆ.

ನಮ್ಮೂರಿನ ಮನೆಯಲ್ಲೂ ಹಂಡೆ ಇತ್ತು. ನೀರು ತುಂಬುವ ಹಬ್ಬದ ದಿನ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ತುಂಬಿಸಿಟ್ಟು, ಮಾರನೇ ದಿನ ಬೆಳಗಿನ ಜಾವ ಎಣ್ಣೆ ಹಚ್ಚಿಸಿಕೊಂಡು ನಡುಗುತ್ತಾ ಕೂತಿದ್ದು ನನಗೂ ನೆನಪಿದೆ. ಅದರ ಬಗ್ಗೆ ನಾಲ್ಕು ಪೋಸ್ಟ್ ಬರೆದು ಕಣ್ಣೊರೆಸಿಕೊಳ್ಳೋದು ನನಗೂ ಬರುತ್ತೆ. ಆದರೆ ಆ ದಿನ ಅಪ್ಪ ತಲೆಯ ಮೇಲೆ ಸುರಿದದ್ದು ಅರವತ್ತು ಚೊಂಬಿಗೆ ಕಮ್ಮಿ ಇರಲಿಲ್ಲ. ಒಲೆಗೆ ತುಂಬಿದ ಸೌದೆ ಎಷ್ಟು, ಆ ಸೌದೆ ಹೊತ್ತು ತಂದವರು ಯಾರು, ಬಾವಿಯಿಂದ ನೀರು ಸೇದಿದವರು ಯಾರು? ಅಜ್ಜಿ, ಅಮ್ಮ, ಕೆಲಸದ ಹೆಣ್ಣುಮಕ್ಕಳು. ನೀರಿನಲ್ಲಿ ನಾವು ಮಿತವ್ಯಯಿಗಳಾಗಿದ್ದದ್ದು ಸಂಸ್ಕೃತಿಯಿಂದ ಅಂತ ಹೇಳಿಕೊಳ್ಳೋದು ಚೆನ್ನಾಗಿರುತ್ತೆ. ನಿಜ ಏನಂದ್ರೆ ಸೇದುವವರ ರಟ್ಟೆ ನೋಯ್ತಿತ್ತು, ಅದಕ್ಕೆ ಮಿತ ಇತ್ತು. ರಟ್ಟೆಯ ಜಾಗಕ್ಕೆ ಪಂಪು ಬಂದ ದಿನವೇ ಮಿತವೂ ಹೋಯ್ತು.

ಆ ಬಚ್ಚಲಿನಲ್ಲಿ ನಿಜಕ್ಕೂ ಹೊಗಳಬೇಕಾದ್ದು ಹಂಡೆಯನ್ನಲ್ಲ, ಬಚ್ಚಲ ಹಿಂದಿನ ಬಾಳೆಗಿಡವನ್ನ. ಮೈ ತೊಳೆದ ನೀರು ಅಲ್ಲಿಗೆ ಹೋಗ್ತಿತ್ತು. ಪಕ್ಕದಲ್ಲೇ ಕೆಸು. ಒಂದೇ ನೀರಿಗೆ ಎರಡು ಕೆಲಸ. ಈಗ ನಮ್ಮ ಫ್ಲ್ಯಾಟಿನ ಬಚ್ಚಲಿಗೆ ಬಾಳೆಗಿಡ ಎಲ್ಲಿ?

ಪರದೇಶಿ ಚಾಳಿ ಅನ್ನೋ ಮಾತೂ ಪೂರ್ತಿ ಸರಿ ಅಲ್ಲ. ಜಪಾನಿನವರನ್ನು ನೋಡಿ. ಅವರ ಓಫುರೋ ತೊಟ್ಟಿ ಗಿಡ್ಡ, ಆದರೆ ಆಳ. ಕಾಲು ಮಡಿಸಿ ಕುತ್ತಿಗೆವರೆಗೆ ಕೂರೋದು. ಅದಕ್ಕೆ ಇಳಿಯೋ ಮೊದಲೇ ಹೊರಗಡೆ ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈ ತೊಳ್ಕೊಂಡಿರ್ತಾರೆ. ತೊಟ್ಟಿ ಇರೋದು ಕೊಳೆ ತೆಗೆಯಕ್ಕಲ್ಲ, ಮೈ ಬೆಚ್ಚಗೆ ಮಾಡಕ್ಕೆ. ಅದೇ ನೀರಿಗೆ ಮನೆಮಂದಿಯೆಲ್ಲ ಒಬ್ಬರಾದ ಮೇಲೆ ಒಬ್ಬರು ಇಳೀತಾರೆ. ನಡುವೆ ಬಿಸಿ ಆರದಂತೆ ಮುಚ್ಚಳ ಮುಚ್ತಾರೆ. ಎಲ್ಲಾ ಆದ ಮೇಲೆ ಎಷ್ಟೋ ಮನೆಗಳಲ್ಲಿ ಆ ನೀರನ್ನು ಸಣ್ಣ ಪಂಪಿನಲ್ಲಿ ಎತ್ತಿ ಬಟ್ಟೆ ಒಗೆಯೋ ಮಿಷನ್ನಿಗೆ ಬಿಡ್ತಾರೆ. ಇನ್ನೂರು ಲೀಟರಿನ ತೊಟ್ಟಿ ನಾಲ್ಕು ಜನಕ್ಕೆ ಆದ್ರೆ ತಲೆಗೆ ಐವತ್ತೇ ಲೀಟರ್. ನಮ್ಮ ಹಾಡು ಹೇಳೋ ಶವರಿಗಿಂತ ಕಮ್ಮಿ.

"ಇನ್ನೊಬ್ಬರು ಇಳಿದ ನೀರಿಗೆ ನಾವಾ? ಛೀ" ಅಂತೀರಿ. ಪುಷ್ಕರಣಿಯಲ್ಲಿ ಸಾವಿರ ಜನರ ಜೊತೆ ಮುಳುಗಿ ಪುಣ್ಯ ಕಟ್ಟಿಕೊಳ್ಳೋ ನಮಗೆ ಮನೆಯಲ್ಲಿ ಹೆಂಡತಿ ಇಳಿದ ನೀರು ಮೈಲಿಗೆ. ಇರ್ಲಿ, ಈ ಜಗಳ ಇನ್ನೊಂದು ದಿನ ಮಾಡೋಣ.

ಇಂಗ್ಲೆಂಡಿನವರದ್ದೂ ಒಂದು ಕತೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಹೊತ್ತಿಗೆ, ಇಂಧನ ಉಳಿಸಕ್ಕೆ ಅಂತ ಯಾರೂ ಟಬ್ಬಿನಲ್ಲಿ ಐದು ಇಂಚಿಗಿಂತ ಹೆಚ್ಚು ಬಿಸಿನೀರು ತುಂಬಬೇಡಿ ಅಂತ ಸರ್ಕಾರ ಕೇಳಿಕೊಂಡಿತು. ರಾಜ ಆರನೇ ಜಾರ್ಜ್ ತನ್ನ ಅರಮನೆಯ ಟಬ್ಬುಗಳಿಗೂ ಐದು ಇಂಚಿಗೆ ಗೆರೆ ಎಳೆಸಿದ. ಗಮನಿಸಿ, ಪರ್ಸೆಂಟ್ ಅಲ್ಲ, ಗೆರೆ! ಕಣ್ಣಿಗೆ ಕಾಣೋ ಗೆರೆ.

*

ಹಾಗಾದ್ರೆ ನೀರು ಉಳಿಸೋ, ಸ್ಟೈಲಾಗಿರೋ ಟಬ್ ಮಾಡಕ್ಕೇ ಆಗಲ್ವಾ? ಒಂದು ಮಟ್ಟಿಗೆ ಆಗುತ್ತೆ. ಆರು ತಿಂಗಳಲ್ಲಿ ನಾನು ಕಲಿತಿದ್ದು ಹೇಳ್ತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬಂದೀತು.

ಫ್ರೀಸ್ಟ್ಯಾಂಡಿಂಗ್ ಟಬ್ಬುಗಳಲ್ಲಿ, ಅದರಲ್ಲೂ ಅಕ್ರಿಲಿಕ್ಕಿನವುಗಳಲ್ಲಿ, ಸಾಮಾನ್ಯವಾಗಿ ಎರಡು ಚಿಪ್ಪು ಇರುತ್ತೆ. ನೀವು ನೋಡಿ ಮೆಚ್ಚೋದು ಹೊರಗಿನದ್ದು, ನೀರು ಹಿಡಿಯೋದು ಒಳಗಿನದ್ದು. ನಡುವೆ ಖಾಲಿ. ಅಂದ್ರೆ ಹೊರಗಿನ ಚೆಲುವಿಗೂ ಒಳಗಿನ ಹೊಟ್ಟೆಗೂ ಸಂಬಂಧ ಇರಲೇಬೇಕು ಅಂತಿಲ್ಲ. ಹೊರಗೆ ದೋಣಿಯ ಥರ ಮಾಡಿ, ಮೊಟ್ಟೆಯ ಥರ ಮಾಡಿ, ಒಳಗಡೆ ಮಾತ್ರ ಮನುಷ್ಯನ ಮೈ ಹೇಗಿದೆಯೋ ಹಾಗೆ ಮಾಡಿ. ಭುಜದ ಹತ್ತಿರ ಅಗಲ, ಪಾದದ ಹತ್ತಿರ ಕಿರಿದು. ಪಾದ ಎರಡೂ ಸೇರಿ ಒಂದು ಅಡಿ ಅಗಲ ಸಾಕು, ಅಲ್ಲಿ ಎರಡಡಿ ಬಿಟ್ಟು ನೀರಿಗೆ ಬಾಡಿಗೆ ಕೊಡೋದು ಯಾಕೆ? ಪೂರ್ತಿ ಮಲಗಿಸೋ ಬದಲು ಒರಗಿ ಕೂರಿಸಿದ್ರೆ ಉದ್ದವೂ ಕಮ್ಮಿ ಆಗುತ್ತೆ. ನನ್ನ ಟಬ್ಬಿನಲ್ಲಿ ಉಳಿದ ನೂರು ಲೀಟರ್ ಇಷ್ಟರಿಂದಲೇ ಬಂದಿದ್ದು. ಜಾದೂ ಏನಿಲ್ಲ.

ಎರಡನೇದು, ಬಿಸಿ. ಗೋಡೆಯಿಂದ ದೂರ ನಿಂತ ಟಬ್ಬಿಗೆ ಸುತ್ತಲೂ ಗಾಳಿ ಆಡುತ್ತೆ, ಬೇಗ ಆರುತ್ತೆ. ಆರಿದಾಗ ಏನು ಮಾಡ್ತೀರಿ? ಮತ್ತೆ ಬಿಸಿನೀರಿನ ನಲ್ಲಿ ತಿರುಗಿಸ್ತೀರಿ. ಹೆಚ್ಚಾದದ್ದು ತೂತಿನಿಂದ ಗಟಾರಕ್ಕೆ. ಆ ಎರಡು ಚಿಪ್ಪಿನ ನಡುವಿನ ಖಾಲಿ ಜಾಗಕ್ಕೆ ಶಾಖ ತಡೆಯೋ ಫೋಮ್ ತುಂಬಿಸಿ ಅಂದೆ. ಒಂದು ಮುಚ್ಚಳ ಕೊಡಿ ಅಂದೆ. ಫೋಮಿಗೆ ಒಪ್ಪಿದ್ರು. ಮುಚ್ಚಳ ಮಾತ್ರ "ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ" ಅಂದ್ರು. ಬಿಸಿ ಅಂದ್ರೆ ಸುಮ್ನೆ ಅಲ್ಲ. ನೂರು ಲೀಟರ್ ನೀರನ್ನು 22 ಡಿಗ್ರಿಯಿಂದ 40ಕ್ಕೆ ತರಕ್ಕೆ ಎರಡು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚೇ ಕರೆಂಟ್ ಬೇಕು, ಸೋರಿಕೆ ನಷ್ಟ ಬಿಟ್ಟು.

ಮೂರನೇದು ಗೆರೆ. ಇದು ನಮ್ಮ ಆರ್ಕಿಮಿಡೀಸ್ ಮಾವನ ವಿಷಯ. 65 ಕೆಜಿ ತೂಕದ ಆಳು ಟಬ್ಬಿಗೆ ಇಳಿದು ಕೂತರೆ, ತಲೆ, ಭುಜ, ಮಂಡಿ ಮೇಲೆ ಬಿಟ್ಟು, ಸುಮಾರು 50 ಲೀಟರಿನ ಜಾಗ ಅವನ ಮೈಯೇ ಹಿಡಿಯುತ್ತೆ. ಅಂದ್ರೆ ನನ್ನ 150 ಲೀಟರಿನ ಟಬ್ಬಿಗೆ ಸುರಿಯಬೇಕಾದ್ದು ನೂರೇ ಲೀಟರ್. ಹಳೇದಕ್ಕೆ ಇನ್ನೂರು. ಈ ಲೆಕ್ಕದಲ್ಲಿ ಕಮ್ಮಿ ಆಗಿದ್ದು ನಲವತ್ತಲ್ಲ, ಐವತ್ತು ಪರ್ಸೆಂಟ್! ಬ್ರೋಷರ್ ಬರೆದವರಿಗೆ ಸುಳ್ಳು ಹೇಳಕ್ಕೂ ಸರಿಯಾಗಿ ಬರಲ್ಲ :-) ಆದರೆ ಇದು ನಿಜವಾಗಬೇಕಾದ್ರೆ ನೂರು ಲೀಟರಿಗೆ ನಲ್ಲಿ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಕ್ಕೆ ಒಳಗೆ ಒಂದು ಗೆರೆ ಬೇಕು. ಇಲ್ಲದಿದ್ರೆ ಕಂಠಪೂರ್ತಿ ತುಂಬಿಸ್ತಾರೆ, ಇಳಿದ ತಕ್ಷಣ ಐವತ್ತು ಲೀಟರ್ ತೂತಿನಲ್ಲಿ ಹೋಗುತ್ತೆ. ಮುಟ್ಟದ ನೀರು, ಕಾಯಿಸಿದ ನೀರು.

ನಾಲ್ಕನೇದು ಬಾಳೆಗಿಡ. ಅಂದ್ರೆ ಟಬ್ಬಿನ ನೀರು ಆಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋದು. ಕೊಳೆನೀರನ್ನು ಶುದ್ಧ ಮಾಡಿ ಕಕ್ಕಸಿಗೆ ಬೇರೆ ಪೈಪಿನಲ್ಲಿ ವಾಪಸ್ ಕಳಿಸೋ ವ್ಯವಸ್ಥೆ ಅಪಾರ್ಟ್‌ಮೆಂಟಿನಲ್ಲಿದ್ರೆ ಒಳ್ಳೇದು. ಇಲ್ಲದಿದ್ರೆ ಮನೆಯಲ್ಲೇ ಆ ನೀರು ಬಳಸಬಹುದು. 6 ಲೀಟರಿನ ಫ್ಲಶ್ ಆದ್ರೆ ನೂರು ಲೀಟರಿಗೆ ಹದಿನಾರು ಸಲ. ಆದರೆ ಸೋಪಿನ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಹಾಗೇ ಇಟ್ರೆ ನಾತ ಹೊಡೆಯುತ್ತೆ, ಅದೂ ನಿಜ.

ಟಬ್ಬಿನ ಪರವಾಗಿ ಒಂದು ಮಾತೂ ಹೇಳಬೇಕು. ಶವರಿನಲ್ಲಿ ಬಿಸಿ ಬರೋವರೆಗೆ ತಣ್ಣೀರು ಸುಮ್ನೆ ಹರಿದು ಹೋಗುತ್ತೆ. ಟಬ್ಬಿನಲ್ಲಿ ಅದು ಅಲ್ಲೇ ಉಳಿಯುತ್ತೆ, ಲೆಕ್ಕಕ್ಕೆ ಬರುತ್ತೆ.

*

ಇಷ್ಟಾದ ಮೇಲೂ ನನಗ್ಯಾಕೆ ಸಿಟ್ಟು ಅಂದ್ರೆ, 2024ರ ಬೇಸಿಗೆ ನನಗೆ ಮರೆತಿಲ್ಲ.

ಆ ಮಾರ್ಚಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎರಡೂ ಬೋರ್‌ವೆಲ್ ನಿಂತುಹೋದವು. ನಗರದ ಸುಮಾರು ಹದಿನಾಲ್ಕು ಸಾವಿರ ಸರ್ಕಾರಿ ಬೋರ್‌ವೆಲ್ಲಿನಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಕುಡಿಯೋ ನೀರಿನಲ್ಲಿ ಕಾರು ತೊಳೆದ್ರೆ, ಗಿಡಕ್ಕೆ ಬಿಟ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಮಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ಅಮ್ಮ ಐದಕ್ಕೇ ಎದ್ದು ಮನೆಯಲ್ಲಿದ್ದ ಪಾತ್ರೆಯೆಲ್ಲ ಸಾಲಾಗಿ ಇಡ್ತಿದ್ರು. ಅಕ್ಕಿ ತೊಳೆದ ನೀರು ಒಂದು ಬಕೆಟ್ಟಿಗೆ, ತರಕಾರಿ ತೊಳೆದದ್ದು ಇನ್ನೊಂದಕ್ಕೆ. ಎಪ್ಪತ್ತು ದಾಟಿದ ಅವರು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ, "ಸಾಕು ಬಿಡೋ, ನಾನೇನು ಗದ್ದೆ ಉಳ್ತೀನಾ" ಅಂದ್ರು. ಮಂಡಿ ನೋವಿಗೆ ಬಿಸಿನೀರು ಹುಯ್ಕೋಬೇಕಾದವರು ಅವರು.

ಆಮೇಲೆ ಅಕ್ಟೋಬರ್ 2024ರಲ್ಲಿ ಕಾವೇರಿ ಐದನೇ ಹಂತ ಬಂತು, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್. ಸಂತೋಷವೇ. ಆದರೆ ಆ ನೀರು ಹರಿದು ಬರಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಹಂತದಲ್ಲಿ ಪಂಪಿನಲ್ಲಿ ಎತ್ತಿ ತರ್ತಾರೆ. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಕ್ಕೆ ಬರೀ ಹೈಸ್ಕೂಲು ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಬೇಕು, ಪಂಪು ಪೈಪಿನ ನಷ್ಟ ಬೇರೆ. ಮಂಡ್ಯದ ರೈತ ತನ್ನ ನಾಲೆಗೆ ನೀರು ಬಿಡಿ ಅಂತ ರಸ್ತೆಗೆ ಇಳಿಯೋದು ಇದೇ ನದಿಗೆ. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಕೊಟ್ಟಾಗ ಅದರಲ್ಲಿ 4.75 ಟಿಎಂಸಿ ಬೆಂಗಳೂರಿಗೆ ಅಂತ ಹೇಳಿತು. ಅದು ನಮ್ಮ ಬಾಯಾರಿಕೆ ನೋಡಿ ಕೊಟ್ಟಿದ್ದು. ಬಚ್ಚಲ ನಟ್ಟನಡುವೆ ಬಿಳಿ ದೋಣಿ ತೇಲಿಸಕ್ಕಲ್ಲ.

ದಿನಾ ನೂರು ಲೀಟರಿನಂತೆ ಒಬ್ಬರು ಟಬ್ಬಿಗೆ ಇಳಿದ್ರೆ ವರ್ಷಕ್ಕೆ 36,500 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆರು ಸಲ ಬಂದ ಹಾಗೆ. ಬಕೆಟ್ಟಿನಲ್ಲಿ ಆದ್ರೆ 7,300. ಇದು ನಮ್ಮ ಹಸಿರು ಎಲೆಯ ಕೆಳಗಿನ ನಿಜವಾದ ಅಂಕಿ.

*

ಬ್ರೋಷರ್ ಅಚ್ಚಾಗೋ ಮೊದಲು ಮೀಟಿಂಗಿನಲ್ಲಿ ನಾನು ಮೂರು ಕೇಳಿದ್ದೆ. ಒಂದು, ಪರ್ಸೆಂಟ್ ತೆಗೆದು ಲೀಟರ್ ಬರೀರಿ. ಎರಡು, ಟಬ್ಬಿನ ಒಳಗೆ ಗೆರೆ ಹಾಕಿ, ಪಕ್ಕದಲ್ಲಿ '5 ಬಕೆಟ್' ಅಂತ ಬರೀರಿ. ಮೂರು, 'ನೀರು ಉಳಿಸುವ' ಅನ್ನಬೇಡಿ, 'ಬೇರೆ ಟಬ್ಬುಗಳಿಗಿಂತ ಕಮ್ಮಿ ನೀರು ಬೇಡುವ' ಅನ್ನಿ.

ಒಬ್ಬ ಹುಡುಗ, ಒಳ್ಳೇ ಹುಡುಗನೇ, ನಕ್ಕುಬಿಟ್ಟ. "ಸರ್, ಬಕೆಟ್ ಅಂತ ಬರೆದ್ರೆ ಯಾರು ಸರ್ ಟಬ್ ತಗೋತಾರೆ?"

ಅಷ್ಟೇ ವಿಷಯ. ಅವನಿಗೂ ಗೊತ್ತು. ಬಕೆಟ್ ಪಕ್ಕದಲ್ಲಿಟ್ರೆ ಟಬ್ ಮಾರಾಟ ಆಗಲ್ಲ ಅಂತ ಗೊತ್ತಿರೋದ್ರಿಂದಲೇ ಪಕ್ಕದಲ್ಲಿ ಇನ್ನೊಂದು ದೊಡ್ಡ ಟಬ್ಬನ್ನು ಇಟ್ಟಿದ್ದಾರೆ. ಗೆರೆಯೂ ಬರಲಿಲ್ಲ. "ಒಳಗಿನ ಬಿಳುಪು ಕೆಡುತ್ತೆ" ಅಂದ್ರು.

ಹೋದ ತಿಂಗಳು ಅಮ್ಮನನ್ನು ಸ್ಯಾಂಪಲ್ ರೂಮಿಗೆ ಕರೆದುಕೊಂಡು ಹೋಗಿದ್ದೆ, ಮಗ ಮಾಡಿದ್ದು ನೋಡಲಿ ಅಂತ. ಸುತ್ತ ಒಂದು ಸಲ ಬಂದ್ರು, ಕೈಯಾಡಿಸಿದ್ರು, "ಚೆನ್ನಾಗಿದೆ ಕಣೋ" ಅಂದ್ರು. ಕೂತು ನೋಡ್ತೀನಿ ಅಂದ್ರು. ಅಂಚು 58 ಸೆಂಟಿಮೀಟರ್ ಎತ್ತರ. ನಾನು ಹಿಡ್ಕೊಂಡೆ, ಹೇಗೋ ಇಳಿದ್ರು. ನೀರಿಲ್ಲದ ಟಬ್ಬಿನಲ್ಲಿ ಸೀರೆ ಸರಿ ಮಾಡ್ಕೊಂಡು ಒರಗಿ ಕೂತು ನಕ್ಕರು. ಏಳಬೇಕಾದಾಗ ಆಗಲಿಲ್ಲ. ಹಿಡಿಯಕ್ಕೆ ಏನೂ ಇಲ್ಲ. ಗೋಡೆ ಇಲ್ವಲ್ಲ, ಅದು ಫ್ರೀಸ್ಟ್ಯಾಂಡಿಂಗ್! ನಾನು ಮತ್ತು ವಾಚ್‌ಮನ್ ಸೇರಿ ಎಬ್ಬಿಸಿದ್ವಿ.

ಬಿಸಿನೀರಿನಲ್ಲಿ ಅರ್ಧ ಗಂಟೆ ಕೂರೋ ಅವಶ್ಯಕತೆ ನಿಜವಾಗಿ ಯಾರಿಗಿದೆಯೋ ಅವರಿಗೆ ಈ ಟಬ್ ಅಲ್ಲ. ಇದು ನನ್ನ ತಪ್ಪೂ ಹೌದು. ಆರು ತಿಂಗಳು ಲೀಟರ್ ಲೆಕ್ಕ ಹಾಕಿದ ನಾನು ಒಂದು ಹಿಡಿಕೆಯ ಬಗ್ಗೆ ಯೋಚನೆ ಮಾಡಿರಲಿಲ್ಲ. ಅಂಚು 45 ಸೆಂಟಿಮೀಟರಿಗೆ ಇಳಿಸಿ, ಎರಡು ಕಡೆ ಹಿಡಿಕೆ ಕೊಟ್ಟು, ಗೆರೆ ಹಾಕಿ, ವಾರಕ್ಕೊಂದು ದಿನ ಅಮ್ಮನಿಗೆ ನೂರು ಲೀಟರ್ ತುಂಬಿಸಿಕೊಟ್ರೆ ದಿನಕ್ಕೆ ಹದಿನಾಲ್ಕೇ ಲೀಟರ್ ಬೀಳುತ್ತೆ. ಅದಕ್ಕೆ ನಾನು ಯಾವ ರೈತನ ಮುಂದೆ ಬೇಕಾದ್ರೂ ನಿಂತು ಉತ್ತರ ಕೊಡ್ತೀನಿ. ಅಂಥ ಟಬ್ ಬಿಡಿಸಕ್ಕೆ ಶುರು ಮಾಡಿದ್ದೇನೆ, ಸಂಬಳ ಇಲ್ಲದ ಕೆಲಸ.

ಟಬ್ ಬೇಡ ಅಂತ ನಾನು ಹೇಳ್ತಿಲ್ಲ. ಬೇಕಾದವರು ತಗೊಳ್ಳಿ, ಆಸೆ ಪಡೋದು ತಪ್ಪಲ್ಲ. ಆದರೆ ಆಸೆಗೆ ತಗೊಂಡೆ ಅನ್ನಿ. ಪರಿಸರಕ್ಕೆ ತಗೊಂಡೆ ಅನ್ನಬೇಡಿ. ಶೋರೂಮಿಗೆ ಹೋದಾಗ ಪರ್ಸೆಂಟ್ ಹೇಳಿದವನಿಗೆ ಒಂದೇ ಪ್ರಶ್ನೆ ಕೇಳಿ, "ಎಷ್ಟು ಬಕೆಟ್?" ಹತ್ತು ಜನ ಕೇಳಿದ್ರೆ ಹನ್ನೊಂದನೆಯವನಿಗೆ ಬ್ರೋಷರ್ ಬದಲಾಗಿರುತ್ತೆ.

ನಿಮ್ಮನೆ ಬಕೆಟ್ ಎಷ್ಟು ಲೀಟರಿಂದು, ನಿಮ್ಮ ಸ್ನಾನ ಎಷ್ಟು ಬಕೆಟ್ಟಿನದು ಅಂತ ಕೆಳಗೆ ಬರೀರಿ ನೋಡೋಣ. ಸುಳ್ಳು ಹೇಳಬಾರದು ಮತ್ತೆ. ನನ್ನದು ಒಂದೂವರೆ. ಭಾನುವಾರ ಎರಡೂವರೆ.